ನಡದೈತಲ್ರೀ ಸರ್ವರ್, ಯಾಕ ಮುಟ್ಟಬೇಕು?

ಅಂಗಡಿಯ ಪಿಸಿಗಳಿಗೆಲ್ಲ ಫೈಲು, ಡೇಟಾ ಒದಗಿಸುವ ಸರ್ವರ್ ಮಷಿನ್ ನಡೆಸುವ ವಿಂಡೋಸ್ ಸರ್ವರ್ 2016ಕ್ಕೆ ಮೈಕ್ರೋಸಾಫ್ಟ್ ಕೊಡುವ ಬೆಂಬಲ 2027ರ ಜನವರಿ 12ಕ್ಕೆ ಮುಗಿಯುತ್ತದೆ. ಅಂದು ಮಂಗಳವಾರ. ತಿಂಗಳ ಎರಡನೇ ಮಂಗಳವಾರ ಬರುವ ಉಚಿತ ಭದ್ರತಾ ಅಪ್‌ಡೇಟ್ ಅಂದು ಕಡೇ ಸಲ ಬರುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸಲು ಜಾಗ ಸಿಗದ ದಿನಗಳು ಅವು. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲೂ ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಸರ್ವರ್ ಬದಲಿಸುತ್ತೇನೆ ಎಂದು ಅಂಗಡಿಗೆ ಹೋದರೆ ಬೈಸಿಕೊಂಡು ಬರಬೇಕಾಗುತ್ತದೆ. ಅದಕ್ಕೇ ಈ ಮಾತು ಮೊದಲೇ ಆಗಲಿ.

ನಿಮ್ಮ ಸರ್ವರ್ ಯಾವ ಆವೃತ್ತಿ ಎಂದು ಗೊತ್ತಿಲ್ಲವೇ? ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಜತೆ 'ಆರ್' ಒತ್ತಿ. ಬರುವ ಡಬ್ಬಿಯಲ್ಲಿ 'ವಿನ್‌ವರ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ: ಡಬ್ಲ್ಯು, ಐ, ಎನ್, ವಿ, ಇ, ಆರ್. ಆವೃತ್ತಿ ಅಲ್ಲೇ ಕಾಣುತ್ತದೆ.

ನೋಡಿ ಹೇಳಿದ ಮೇಲೆ ಮಾಲೀಕರಿಂದ ಬರುವ ಮಾತು ಒಂದೇ: "ನಡದೈತಲ್ರೀ, ಯಾಕ ಮುಟ್ಟಬೇಕು?" ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ. ಜನವರಿ 13ರ ಬೆಳಿಗ್ಗೆಯೂ ಸರ್ವರ್ ಎಂದಿನಂತೆ ಏಳುತ್ತದೆ. ಟ್ಯಾಲಿ ತೆರೆಯುತ್ತದೆ, ಬಿಲ್ ಪ್ರಿಂಟ್ ಆಗುತ್ತದೆ. ತೊಂದರೆ ಆಮೇಲೆ ಶುರುವಾಗುತ್ತದೆ. 2019, 2022ರ ಸರ್ವರ್‌ಗಳಿಗೆ ಪ್ರತಿ ತಿಂಗಳು ಪ್ಯಾಚ್, ಅಂದರೆ ಭದ್ರತೆಯ ತೂತು ಮುಚ್ಚುವ ಅಪ್‌ಡೇಟ್, ಬರುತ್ತಲೇ ಇರುತ್ತದೆ. ಆ ಪ್ಯಾಚ್ ಬಿಚ್ಚಿ ನೋಡಿದರೆ ತೂತು ಎಲ್ಲಿತ್ತು ಎಂಬುದು ತಿಳಿದವರಿಗೆ ಗೊತ್ತಾಗುತ್ತದೆ. ಹಲವು ಸಲ ಅದೇ ತೂತು 2016ರಲ್ಲೂ ಇರುತ್ತದೆ. ಓಣಿಯ ಎಲ್ಲ ಮನೆಗೂ ಒಂದೇ ಕಂಪನಿಯ ಬೀಗ ಇದೆ ಅಂದುಕೊಳ್ಳಿ. ಆ ಬೀಗ ಹೇಗೆ ತೆಗೆಯಬಹುದೆಂದು ಊರಿಗೆಲ್ಲ ಗೊತ್ತಾಯಿತು, ಕಂಪನಿ ಉಳಿದವರಿಗೆ ಬೀಗ ಬದಲಿಸಿ ಕೊಟ್ಟಿತು, ನಿಮ್ಮದು ಮಾತ್ರ ಹಾಗೇ ಉಳಿಯಿತು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿತು. ಅದು ನುಗ್ಗಿದ್ದು ಫೈಲ್ ಹಂಚಿಕೆಗೆ ಬಳಸುವ ಎಸ್‌ಎಂಬಿ1 ಎಂಬ ಹಳೇ ಪದ್ಧತಿಯ ತೂತಿನಿಂದ. ಅದಕ್ಕೆ ಪ್ಯಾಚ್ ಅದೇ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು. ಆದರೆ ಬೆಂಬಲ 2015ರಲ್ಲೇ ಮುಗಿದಿದ್ದ ಸರ್ವರ್ 2003 ಇಟ್ಟುಕೊಂಡವರಿಗೆ ಆ ಪ್ಯಾಚ್ ಮೊದಲು ಸಿಗಲಿಲ್ಲ. ದಾಳಿಯಾದ ಮೇಲೆ ಮೈಕ್ರೋಸಾಫ್ಟ್ ವಿಶೇಷವಾಗಿ ಬಿಡುಗಡೆ ಮಾಡಿತು. ಪ್ರತಿ ಸಲ ಹಾಗೆ ಮಾಡುತ್ತದೆ ಎಂದು ನಂಬಿ ಕೂರುವಂತಿಲ್ಲ. ಎಸ್‌ಎಂಬಿ1 ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಮಾಲೀಕರು ಒಪ್ಪಿದರು ಅನ್ನಿ. ಮುಂದಿನ ಪ್ರಶ್ನೆ: "ಹೊಸ ಮಷಿನ್ ಎಷ್ಟಕ್ಕ ಬರತೈತ್ರಿ?" ಇಲ್ಲೇ ನಾನು ತಡೆಯುವುದು. ಮಷಿನ್ ಕೊಳ್ಳುವುದು ಕಡೇ ಕೆಲಸ. ಹಳೇ ಸರ್ವರ್ ಮೇಲೆ ಏನೇನು ಕೂತಿದೆ, ಯಾರು ಯಾರು ಅದನ್ನು ನಂಬಿದ್ದಾರೆ ಎಂದು ಬರೆದುಕೊಳ್ಳುವುದು ಮೊದಲ ಕೆಲಸ. ಇದಕ್ಕೆ ಹಿಡಿಯುವ ಹೊತ್ತು ಮಷಿನ್ ಜೋಡಿಸಲು ಹಿಡಿಯುವ ಹೊತ್ತಿಗಿಂತ ಜಾಸ್ತಿ.

ಒಂದು ದಲಾಲಿ ಅಂಗಡಿಯದನ್ನೇ ನೋಡಿ. ಸರ್ವರ್ ಇದ್ದದ್ದು ದೇವರ ಫೋಟೋ ಕೆಳಗೆ. ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ಮೈಮೇಲಿತ್ತು. ಸಾವ್ಕಾರ್ರು ಹೇಳಿದ್ದು, "ಟ್ಯಾಲಿ ಬಿಟ್ರ ಅದರಾಗ ಏನೂ ಇಲ್ರಿ." ಒಳಗೆ ನೋಡಿದರೆ ಹಂಚಿಕೆಯ ಫೋಲ್ಡರುಗಳು ಸಾಲಾಗಿ ಇದ್ದವು. ಒಂದರಲ್ಲಿ ಡಾಸ್ ಕಾಲದ ಫಾಕ್ಸ್‌ಪ್ರೋ ಪ್ರೋಗ್ರಾಮು. ರೈತರಿಗೆ ಕೊಡುವ ಪಟ್ಟಿ ಅದರಲ್ಲೇ ತಯಾರಾಗುತ್ತಿತ್ತು. ತೂಕ, ದರ, ಹಮಾಲಿ, ದಲಾಲಿ, ಕೊಟ್ಟ ಮುಂಗಡ ಎಲ್ಲಾ ಕಳೆದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಿರ್ರೆಂದು ಹೊರಗೆ ಬರುತ್ತಿತ್ತು. ಆ ಪ್ರೋಗ್ರಾಮು 64 ಬಿಟ್ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ. ಅದಕ್ಕಾಗಿಯೇ ಮೂಲೆಯಲ್ಲಿ ಒಂದು ವಿಂಡೋಸ್ ಎಕ್ಸ್‌ಪಿ ಪಿಸಿ ಉಳಿಸಿಕೊಂಡಿದ್ದರು. ಡೇಟಾ ಮಾತ್ರ ಸರ್ವರ್‌ನಲ್ಲಿ. ಬರೆದುಕೊಟ್ಟ ಹುಡುಗ ಬೆಂಗಳೂರಿಗೆ ಹೋಗಿ ಸೇರಿಕೊಂಡಿದ್ದ. ಇಂಥ ಪ್ರೋಗ್ರಾಮು ಬರೆದವರು ಬೆಂಗಳೂರಲ್ಲಿ ಇದ್ದರೆ ಪುಣ್ಯ, ಅಮೆರಿಕಕ್ಕೆ ಹೋದವರೂ ಇದ್ದಾರೆ.

ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ1 ಒಂದೇ. ಸರ್ವರ್ 2016ರಲ್ಲಿ ಅದು ತಾನಾಗಿಯೇ ಇರುತ್ತದೆ. 2019ರಿಂದ ಈಚಿನ ಆವೃತ್ತಿಗಳನ್ನು ಹೊಸದಾಗಿ ಹಾಕಿದರೆ ಇರುವುದಿಲ್ಲ. ಅಂದರೆ ಹೊಸ ಸರ್ವರ್ ಬಂದ ದಿನವೇ ಆ ಪಿಸಿಗೆ ಫೋಲ್ಡರ್ ಕಾಣುವುದಿಲ್ಲ, ಪಟ್ಟಿ ಬರುವುದಿಲ್ಲ, ಗಾಡಿ ಹತ್ತಬೇಕಾದ ರೈತರು ಅಂಗಡಿ ಮುಂದೆ ನಿಂತಿರುತ್ತಾರೆ. ಹಳೇ ಜೆರಾಕ್ಸ್ ಮಷಿನ್ನಿನದೂ ಇದೇ ಕತೆ. ಸ್ಕ್ಯಾನ್ ಮಾಡಿದ ಕಾಗದ ನೇರ ಸರ್ವರ್ ಫೋಲ್ಡರಿಗೆ ಹೋಗುವ ಹಾಗೆ ಮಾಡಿರುತ್ತಾರೆ. ಅಲ್ಲೂ ಎಸ್‌ಎಂಬಿ1 ಇದ್ದರೆ ಸ್ಕ್ಯಾನ್ ನಿಲ್ಲುತ್ತದೆ.

ಅವಸರದಲ್ಲಿರುವ ಟೆಕ್ನಿಷಿಯನ್ ಏನು ಮಾಡುತ್ತಾನೆ? ಹೊಸ ಸರ್ವರ್‌ನಲ್ಲಿ ಎಸ್‌ಎಂಬಿ1 ಆನ್ ಮಾಡಿ ಚಹಾ ಕುಡಿದು ಹೋಗುತ್ತಾನೆ. ಎಲ್ಲಾ ನಡೆಯುತ್ತದೆ, ಸಾವ್ಕಾರ್ರಿಗೂ ಖುಷಿ. ಲಕ್ಷಗಟ್ಟಲೆ ಸುರಿದು ತಂದ ಸರ್ವರ್‌ಗೆ ವಾನ್ನಾಕ್ರೈ ನುಗ್ಗಿದ ಬಾಗಿಲನ್ನೇ ತೆರೆದಿಟ್ಟ ಹಾಗಾಯಿತು, ಅಲ್ವಾ? ಇದಕ್ಕೆ ಒಪ್ಪಬೇಡಿ. ಜೆರಾಕ್ಸ್ ಮಷಿನ್ನಿಗೆ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಸಿಗುತ್ತದಾ ಕೇಳಿ. ಇಲ್ಲದಿದ್ದರೆ ಪೆನ್‌ಡ್ರೈವಿಗೆ ಸ್ಕ್ಯಾನ್ ಮಾಡಿ. ಪಟ್ಟಿ ಪ್ರೋಗ್ರಾಮಿನ ಡೇಟಾವನ್ನು ಆ ಎಕ್ಸ್‌ಪಿ ಪಿಸಿಗೇ ಇಳಿಸಿ, ನೆಟ್‌ವರ್ಕ್ ವೈರು ಕಿತ್ತು, ಒಂಟಿಯಾಗಿ ನಡೆಸಿ. ದಿನಾ ಸಂಜೆ ಅದರದೇ ಪೆನ್‌ಡ್ರೈವಿಗೆ ಬ್ಯಾಕಪ್ ಆಗಲಿ. ಇದು ಹೊಸ ಪ್ರೋಗ್ರಾಮು ಬರೆಸುವ ತನಕ ಮಾತ್ರ.

ಯಾರು ಎಸ್‌ಎಂಬಿ1 ಬಳಸುತ್ತಿದ್ದಾರೆ ಎಂದು ಊಹಿಸುವ ಅಗತ್ಯವಿಲ್ಲ. ಸರ್ವರ್ 2016ರಲ್ಲೇ ಅದನ್ನು ಲಾಗ್‌ನಲ್ಲಿ ಬರೆದಿಡುವ ಸೌಲಭ್ಯವಿದೆ, ಆನ್ ಮಾಡಬೇಕು ಅಷ್ಟೇ. ಪೂರ್ತಿ ಒಂದು ತಿಂಗಳು ಬಿಡಿ. ಒಂದು ವಾರ ಸಾಲದು, ಯಾಕೆಂದರೆ ತಿಂಗಳ ಕೊನೆಗೆ ಪಗಾರದ ಹೊತ್ತಿಗೆ ಮಾತ್ರ ಎಚ್ಚರಾಗುವ ಮಷಿನ್‌ಗಳು ಇರುತ್ತವೆ.

ಉಳಿದದ್ದು ಜನರನ್ನು ಕೇಳಿ ತಿಳಿಯಬೇಕು. ಮಾಲೀಕರನ್ನು ಕೇಳಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಬಿಲ್ಲಿಂಗ್ ಮಾಡುವ ಹುಡುಗಿಯ ಪಕ್ಕ ಕುರ್ಚಿ ಹಾಕಿಕೊಂಡು, "ಬೆಳಿಗ್ಗೆ ಬಂದ ಕೂಡಲೇ ಏನೇನು ಓಪನ್ ಮಾಡ್ತೀರವ್ವಾ?" ಎಂದು ಕೇಳಿ. ಲೆಕ್ಕದವರನ್ನು ಮಾರ್ಚ್ ಕೊನೆಗೆ ಏನು ಮಾಡುತ್ತಾರೆಂದು ಕೇಳಿ. ಟಾಸ್ಕ್ ಶೆಡ್ಯೂಲರ್ ತೆರೆದು ನೋಡಿ. ರಾತ್ರಿ ಬ್ಯಾಕಪ್, ಹಾಜರಿ ಮಷಿನ್ನಿನಿಂದ ಡೇಟಾ ಎಳೆಯುವ ಕೆಲಸ ಅಲ್ಲಿ ಅಡಗಿರುತ್ತವೆ. ಸರ್ವರ್ ಹಿಂಬದಿಯಲ್ಲಿ ಧೂಳು ಹಿಡಿದ ಯುಎಸ್‌ಬಿ ಲಾಕ್ ಚುಚ್ಚಿದ್ದರೆ ಯಾವ ಸಾಫ್ಟ್‌ವೇರಿನದು ಎಂದು ಬರೆದಿಡಿ. ಅದು ಕಳೆದರೆ ಸಾಫ್ಟ್‌ವೇರ್ ಕಳೆದ ಹಾಗೆ.

ಡೇಟಾಬೇಸಿನ ಗಡುವೇ ಬೇರೆ, ಇದನ್ನು ಬಹಳ ಜನ ಮರೆಯುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕುವಾಗ ಅದರ ಜತೆ ಎಸ್‌ಕ್ಯೂಎಲ್ ಸರ್ವರ್ ಎಂಬ ಮೈಕ್ರೋಸಾಫ್ಟ್ ಡೇಟಾಬೇಸ್ ಬಂದು ಕೂತಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ 2014ರ ಬೆಂಬಲ 2024ರ ಜುಲೈ 9ಕ್ಕೇ ಮುಗಿಯಿತು. ಎಸ್‌ಕ್ಯೂಎಲ್ ಸರ್ವರ್ 2016ಕ್ಕೆ 2026ರ ಜುಲೈ 14 ಗಡುವು. ಸಾಫ್ಟ್‌ವೇರ್ ಕೊಟ್ಟವರನ್ನು ಎರಡೇ ಪ್ರಶ್ನೆ ಕೇಳಿ. ಯಾವ ವಿಂಡೋಸ್ ಸರ್ವರ್ ಮೇಲೆ ನಡೆಯುತ್ತದೆ? ಯಾವ ಎಸ್‌ಕ್ಯೂಎಲ್ ಬೇಕು? ಉತ್ತರ ವಾಟ್ಸಾಪಿನಲ್ಲಾದರೂ ಸರಿ, ಬರಹದಲ್ಲಿ ಇರಲಿ. "ಎಲ್ಲಾ ನಡೀತೈತ್ರಿ" ಎಂಬ ಫೋನ್ ಮಾತು ಆ ದಿನ ಕೈಕೊಡುತ್ತದೆ.

ಲಿನಕ್ಸ್ ಇದೆ, ನಮಗೇನು ಎನ್ನುವವರಿಗೂ ಒಂದು ಮಾತು. ಲಿನಕ್ಸ್‌ನದೇ ಒಂದು ರೂಪವಾದ ಸೆಂಟ್‌ಓಎಸ್ 7ರ ಬೆಂಬಲ ಮುಗಿದದ್ದು 2024ರ ಜೂನ್ 30ಕ್ಕೆ.

ಇನ್ನು ದಾರಿ ಯಾವುದು? ಹಳೇ ಮಷಿನ್ ಮೇಲೆಯೇ ಹೊಸ ವಿಂಡೋಸ್ ಏರಿಸಬಹುದು. ಸರ್ವರ್ 2025ಕ್ಕೆ 2012 ಆರ್2ನಿಂದಲೂ ನೇರವಾಗಿ ಹೋಗಬಹುದು. ನನಗೆ ಇದು ಅಷ್ಟು ಇಷ್ಟವಿಲ್ಲ. 2016ರ ಸುಮಾರಿಗೆ ಕೊಂಡ ಮಷಿನ್ನಿನ ಡಿಸ್ಕ್, ಪವರ್ ಸಪ್ಲೈ, ಫ್ಯಾನು ಎಲ್ಲಕ್ಕೂ ಅಷ್ಟೇ ವಯಸ್ಸಾಗಿದೆ. ನಮ್ಮ ಕಡೆಯ ಕರೆಂಟಿನ ಆಟವನ್ನೂ ಅವು ಕಂಡಿವೆ. ಅರ್ಧಕ್ಕೆ ನಿಂತರೆ ಹಿಂದಕ್ಕೆ ಹೋಗುವುದು ಕಷ್ಟ. ಹೊಸ ಮಷಿನ್ ಪಕ್ಕದಲ್ಲಿಟ್ಟು, ಒಂದೊಂದಾಗಿ ಸಾಗಿಸಿ, ಹಳೆಯದನ್ನು ಹಾಗೇ ಉಳಿಸಿಕೊಳ್ಳುವುದು ಒಳ್ಳೆಯದು.

ಕೊಟೇಶನ್ ನೋಡುವಾಗ ಕಣ್ಣಿಟ್ಟು ನೋಡಿ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸ್ ಪ್ರೊಸೆಸರಿನ ಕೋರ್ ಲೆಕ್ಕದಲ್ಲಿ. ನಿಮ್ಮ ಮಷಿನ್ನಿನಲ್ಲಿ 8 ಕೋರ್ ಇದ್ದರೂ ಕನಿಷ್ಠ 16 ಕೋರಿಗೆ ಕೊಳ್ಳಬೇಕು. ಅದರ ಮೇಲೆ ಬಳಸುವ ಪ್ರತಿ ಜನಕ್ಕೆ ಅಥವಾ ಪ್ರತಿ ಪಿಸಿಗೆ ಕ್ಯಾಲ್ ಎಂಬ ಬೇರೆ ಲೈಸೆನ್ಸ್ ಬೇಕು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ, ಅಂದರೆ ದೂರದಿಂದ ಸರ್ವರ್ ಒಳಗೇ, ಕೆಲಸ ಮಾಡುವವರಿಗೆ ಅದರ ಕ್ಯಾಲ್ ಇನ್ನೂ ಬೇರೆ. 2016ರ ಹಳೇ ಕ್ಯಾಲ್ ಹೊಸ ಆವೃತ್ತಿಗೆ ನಡೆಯುವುದಿಲ್ಲ. ಕಡಿಮೆ ದರ ಹೇಳಿದ ಕೊಟೇಶನ್‌ನಲ್ಲಿ ಬಿಟ್ಟುಹೋಗುವುದು ಇದೇ ಸಾಲು. ಹಳೇ ಮಷಿನ್ ಜತೆ ಬಂದ ಓಇಎಂ ಲೈಸೆನ್ಸ್ ಆ ಮಷಿನ್ನಿಗೇ ಅಂಟಿಕೊಂಡದ್ದು, ಹೊಸದಕ್ಕೆ ಒಯ್ಯಲು ಬರುವುದಿಲ್ಲ. ಒಂದು ಅನುಕೂಲವೂ ಇದೆ: ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಒಂದೇ ಮಷಿನ್ನಿನೊಳಗೆ ಎರಡು ವರ್ಚುವಲ್ ಸರ್ವರ್ ನಡೆಸಬಹುದು. ಫೈಲು, ಲಾಗಿನ್ ಒಂದರಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇಡಿ.

ಆರೇಳು ಪಿಸಿ ಇರುವ ಅಂಗಡಿಗೆ ಸರ್ವರ್ ಬೇಕೇ ಎಂದೂ ಕೇಳಿಕೊಳ್ಳಿ. ಅಕೌಂಟ್ಸ್ ಒಂದೇ ಇದ್ದರೆ ಒಳ್ಳೆಯ ವಿಂಡೋಸ್ 11 ಪ್ರೊ ಪಿಸಿಯೇ ಸಾಕಾಗಬಹುದು. ಏಕಕಾಲಕ್ಕೆ 20 ಸಂಪರ್ಕದ ಮಿತಿ ಅದಕ್ಕಿದೆ. ಸರ್ವರ್ ಬೇಡ, ಇಂಟರ್ನೆಟ್ ಮೇಲೆ ಬೇರೆಯವರ ಮಷಿನ್ ಬಳಸುವ ಕ್ಲೌಡ್ ಸಾಕು ಎನ್ನುವವರು ಎರಡು ಕಂಪನಿಯ ಇಂಟರ್ನೆಟ್ ಲೈನ್ ಇಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ರಸ್ತೆ ಅಗೆಯುವುದು ನಿಂತ ದಿನ ಒಂದೇ ಸಾಕು ಎನ್ನೋಣ.

ದುಡ್ಡು ಕೊಟ್ಟು ಅಪ್‌ಡೇಟ್ ಮುಂದುವರಿಸಿಕೊಳ್ಳುವ ವ್ಯವಸ್ಥೆಯೂ ಉಂಟು. ಸರ್ವರ್ 2012ರ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಾಗ ಮೂರು ವರ್ಷ ಹಾಗೆ ಕೊಟ್ಟರು, ಅದಕ್ಕೂ 2026ರ ಅಕ್ಟೋಬರ್ 13 ಕಡೇ ದಿನ. ದೊಡ್ಡ ಫ್ಯಾಕ್ಟರಿಗೆ ಉಸಿರು ತಗೊಳ್ಳಲು ಅದು ಸರಿ. ಅಂಗಡಿಗೆ ಆ ದುಡ್ಡು ಹೊಸ ಮಷಿನ್ನಿಗೆ ಹಾಕಿದರೆ ಉಪಯೋಗ.

ಯಾವಾಗ ಮಾಡಬೇಕು ಎಂಬುದು ನಿಮ್ಮ ಧಂದೆಯ ಮೇಲೆ. ಮೆಣಸಿನಕಾಯಿ, ಹತ್ತಿಯವರಿಗೆ ಮಳೆಗಾಲವೇ ಪುರುಸೊತ್ತು, ಶ್ರಾವಣದ ಆಸುಪಾಸು ಮುಗಿಸಿಬಿಡಿ. ರಾಣೇಬೆನ್ನೂರಿನ ಬೀಜದ ವ್ಯಾಪಾರಿಗಳು ಮೇ, ಜೂನ್ ಹತ್ತಿರವೂ ಸುಳಿಯಬಾರದು. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನವರಿಗೆ ದೀಪಾವಳಿಯಿಂದಲೇ ಕ್ಯಾಲೆಂಡರು, ಡೈರಿ ಗದ್ದಲ, ಹಾಗಾಗಿ ಅದಕ್ಕೂ ಮುಂಚೆ. ತಿಂಗಳಿನಲ್ಲಾದರೆ 11ರ ಜಿಎಸ್‌ಟಿಆರ್-1, 20ರ 3ಬಿ ರಿಟರ್ನ್ ಎರಡೂ ದಾಟಿದ ಮೇಲಿನ ಶನಿವಾರ ಸಂಜೆ ಶುರು ಮಾಡಿ. ಭಾನುವಾರ ಬಿಲ್ಲಿಂಗ್‌ನವರೊಬ್ಬರು ಬಂದು ಪ್ರತಿಯೊಂದನ್ನೂ ತೆರೆದು, ಪ್ರಿಂಟ್ ಹಾಕಿ ನೋಡಲಿ. ಅವರಿಗೆ ಆ ದಿನದ ಪಗಾರ ಬೇರೆ ಕೊಡಿ.

ಅದಕ್ಕೂ ಮುಂಚೆ ಬ್ಯಾಕಪ್ ಪರೀಕ್ಷೆ ಆಗಿರಬೇಕು. ಹಸಿರು ಟಿಕ್ ಕಂಡರೆ ಸಾಲದು. ಬ್ಯಾಕಪ್ಪನ್ನು ಬೇರೆ ಮಷಿನ್ನಿಗೆ ಇಳಿಸಿ, ಹೋದ ವರ್ಷದ ಒಂದು ಬಿಲ್ ತೆರೆದು ನೋಡಿ. ಮಾಲೀಕರು ಮನೆಯಿಂದ ಲೆಕ್ಕ ನೋಡಲು ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದಿಟ್ಟಿದ್ದರೆ ಅದನ್ನು ಇದೇ ಸಲ ಮುಚ್ಚಿಸಿ, ವಿಪಿಎನ್ ಎಂಬ ಸುರಕ್ಷಿತ ದಾರಿ ಹಾಕಿಸಿ. ಸೈಬರ್ ದಾಳಿ ಆದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕೆಂಬ ನಿರ್ದೇಶನ 2022ರಿಂದ ಇದೆ. ನಿಮ್ಮ ಸಿಎಗೆ ಫೋನ್ ಮಾಡುವುದರಲ್ಲೇ ಅಷ್ಟು ಹೊತ್ತು ಹೋಗುತ್ತದೆ.

ಹಳೇ ಸರ್ವರನ್ನು ಕೂಡಲೇ ಗುಜರಿಗೆ ಹಾಕಬೇಡಿ. ನೆಟ್‌ವರ್ಕ್ ವೈರು ಕಿತ್ತು, ಒಂದು ಜಿಎಸ್‌ಟಿ ರಿಟರ್ನ್, ಒಂದು ಪಗಾರ ಮುಗಿಯುವ ತನಕ ಪಕ್ಕಕ್ಕಿಡಿ. ಮರೆತದ್ದು ಏನಿದ್ದರೂ ಅಷ್ಟರಲ್ಲಿ ಎದ್ದು ಬರುತ್ತದೆ. ಕಂಪನಿಗಳು ಲೆಕ್ಕದ ಪುಸ್ತಕ 8 ವರ್ಷ ಇಡಬೇಕು, ಜಿಎಸ್‌ಟಿ ದಾಖಲೆಗೆ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು. ಹಾಗಾಗಿ ಹಳೇ ಸಾಫ್ಟ್‌ವೇರ್, ಡೇಟಾ ಸಮೇತ ಪೂರ್ತಿ ಸರ್ವರಿನ ಒಂದು ಇಮೇಜ್ (ಇದ್ದದ್ದು ಇದ್ದ ಹಾಗೆ ನಕಲು) ತೆಗೆದು, ನೆಟ್‌ವರ್ಕಿಗೆ ಸೇರಿಸದ ಡಿಸ್ಕಿನಲ್ಲಿ ಇಡಿ. ಆಮೇಲೆ ಗುಜರಿಯವನನ್ನು ಕರೆಯಿರಿ. ಆದರೆ ಹಾರ್ಡ್‌ಡಿಸ್ಕ್ ಬಿಚ್ಚಿಕೊಂಡ ಮೇಲೆ. ಅದರಲ್ಲಿ ನಿಮ್ಮ ಅಂಗಡಿಗೆ ಮಾಲು ತಂದ ರೈತರೆಲ್ಲರ ಬ್ಯಾಂಕ್ ಖಾತೆ ನಂಬರುಗಳಿವೆ.