ಹೊಲಿಗೆ ಕಲಿಸಿದ್ದಾಯ್ತು, ರೇಟು ಹೇಳೋದು ಕಲಿಸಿದ್ರಾ?

ಬಡ ಹೆಣ್ಣುಮಕ್ಕಳಿಗೆ ಏನಾದರೂ ಕಲಿಸೋಣ ಅಂತ ಯಾರಾದರೂ ನಮ್ಮಂಥ ತರಬೇತುದಾರರ ಹತ್ತಿರ ಬಂದರೆ, ಅವರ ತಲೆಯಲ್ಲಿ ಆಗಲೇ ಒಂದು ಹೊಲಿಗೆ ಯಂತ್ರ ಕೂತಿರುತ್ತದೆ. ಹೊಲಿಗೆ ಕೆಟ್ಟ ಕಸುಬಲ್ಲ. ಆದರೆ ಒಂದೇ ಓಣಿಯ ಇಪ್ಪತ್ತು ಜನಕ್ಕೆ ಅದನ್ನೇ ಕಲಿಸಿದರೆ ಇರುವಷ್ಟೇ ಗಿರಾಕಿಗಳನ್ನು ಅವರೆಲ್ಲ ಹಂಚಿಕೊಳ್ಳಬೇಕು. ಕೂಲಿ ತಾನಾಗಿಯೇ ಇಳಿಯುತ್ತದೆ.

ಅದಕ್ಕೇ ನಾನು ಕಸುಬಿನ ಜೊತೆ ಲೆಕ್ಕದ ಪಾಠವನ್ನೂ ಇಡುತ್ತೇನೆ. ಒಂದು ಅಂಗಿ ಹೊಲಿಯಲು ಏನೇನು ಖರ್ಚಾಗುತ್ತದೆ, ಬರೆಯಿರಿ ಅನ್ನುತ್ತೇನೆ. ದಾರ, ಗುಂಡಿ, ಕ್ಯಾನ್ವಾಸ್, ಕರೆಂಟು, ಯಂತ್ರದ ರಿಪೇರಿ, ಎಲ್ಲವನ್ನೂ ಬರೆಯುತ್ತಾರೆ. ಅಳತೆ ತಪ್ಪಿ ಹಾಳಾಗುವ ಬಟ್ಟೆಯನ್ನೂ ಕೆಲವರು ಬಿಡುವುದಿಲ್ಲ. ಬಿಟ್ಟುಹೋಗುವುದು ಒಂದೇ: ತಮ್ಮ ಗಂಟೆಗಳು. 'ಮನೇಲೇ ಕೂತು ಮಾಡೋದಲ್ವಾ, ಅದಕ್ಕೇನು ದುಡ್ಡು?' ಅನ್ನುತ್ತಾರೆ. ಆ ಸಾಲನ್ನು ಸೇರಿಸಿ ಮತ್ತೆ ಕೂಡಿಸಿದಾಗ, ಇಷ್ಟು ದಿನ ಹೇಳುತ್ತಿದ್ದ ರೇಟಿನಲ್ಲಿ ಕೂಲಿಯೇ ಗಿಟ್ಟುತ್ತಿರಲಿಲ್ಲ ಅಂತ ಗೊತ್ತಾಗುತ್ತದೆ. ಆಮೇಲೆ ಚೌಕಾಸಿಯ ಅಭ್ಯಾಸ. ಒಬ್ಬಳು ಗಿರಾಕಿ, ಇನ್ನೊಬ್ಬಳು ದರ್ಜಿ. ರೇಟು ಹೇಳಿ ಸುಮ್ನೆ ಕೂರಬೇಕು, ತಾವಾಗಿಯೇ ಇಳಿಸಬಾರದು. ಕಾಜಾ ಹಾಕುವುದಕ್ಕಿಂತ ಇದೇ ಅವರಿಗೆ ಕಷ್ಟ.

ಇನ್ನೊಂದು ತೊಡಕು ದುಡ್ಡು ಕೈಗೆ ಬಂದ ಮೇಲಿನದು. ಬ್ಯಾಂಕ್ ಖಾತೆ ಅವಳ ಹೆಸರಲ್ಲೇ ಇರುತ್ತದೆ, ಸರಿ. ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಯಾರದು? ಗಂಡನದ್ದೋ ಅಣ್ಣನದ್ದೋ ಆಗಿದ್ದರೆ ಒಟಿಪಿ ಅವರ ಫೋನಿಗೇ ಹೋಗುತ್ತದೆ. ದುಡ್ಡಿನ ಹಿಡಿತ ತಮ್ಮ ಕೈಯಲ್ಲೇ ಇರಬೇಕು ಅನ್ನುವುದು ಅಹಮದಾಬಾದಿನ 'ಸೇವಾ' (SEWA) ಅನ್ನುವ, ಸ್ವಂತ ದುಡಿಮೆಯ ಬಡ ಹೆಂಗಸರ ಸಂಘಟನೆಗೆ ಬಹಳ ಹಿಂದೆಯೇ ಅರ್ಥವಾಗಿತ್ತು. ಅದರ ಸ್ಥಾಪಕಿ ಇಳಾ ಭಟ್ ಅವರ ಮುಂದಾಳತ್ವದಲ್ಲಿ ಸುಮಾರು 4,000 ಸದಸ್ಯೆಯರು ತಲಾ 10 ರೂಪಾಯಿ ಹಾಕಿ 1974ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕ್ ಕಟ್ಟಿದರು. ಓದು ಬರಹ ಬಾರದ ಗಿರಾಕಿಗಳನ್ನು ಗುರುತಿಸಲು ಅಲ್ಲಿ ಫೋಟೊ ಬಳಸಿದರು. ಸಹಿ ಬರುವುದಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಬೇಕಾಗಲಿಲ್ಲ.

ಹುಡುಗಿಯರ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ಹದಿನಾಲ್ಕು ಹದಿನೈದರ ಹುಡುಗಿ ಶಾಲೆ ಬಿಟ್ಟರೆ 'ಒಂದು ಕೋರ್ಸಿಗೆ ಸೇರಿಸಿಬಿಡಿ' ಅನ್ನುವುದು ಸುಲಭದ ದಾರಿ. ನಾನು ಸೇರಿಸಿಕೊಳ್ಳುವುದಿಲ್ಲ. ಮೊದಲು ಶಾಲೆ. ಅವಳು ಯಾಕೆ ಬಿಟ್ಟಳು ಅಂತ ವಿಚಾರಿಸಿದರೆ ಕಾರಣ ಎಷ್ಟೋ ಸಲ ಓದಿನ ಆಚೆಗಿರುತ್ತದೆ: ದೂರ, ಶೌಚಾಲಯ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ, ಮದುವೆ ಮಾತು. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ದುಡ್ಡು ಕೊಟ್ಟರು. ಆ ಯೋಜನೆ ಪಾಠವನ್ನೋ ಮೇಷ್ಟ್ರನ್ನೋ ಮುಟ್ಟಲಿಲ್ಲ. ಆದರೂ ಪ್ರೌಢಶಾಲೆಗೆ ಸೇರುವ ಹುಡುಗಿಯರು ಜಾಸ್ತಿಯಾದರು, ಅದರಲ್ಲೂ ಶಾಲೆ ದೂರವಿದ್ದ ಹಳ್ಳಿಗಳಲ್ಲಿ. ಬಾಂಗ್ಲಾದೇಶ 1994ರಲ್ಲಿ ದೇಶದ ಗ್ರಾಮೀಣ ಭಾಗಕ್ಕೆಲ್ಲ ವಿಸ್ತರಿಸಿದ ವಿದ್ಯಾರ್ಥಿವೇತನಕ್ಕೆ ಇದ್ದ ಷರತ್ತುಗಳಲ್ಲಿ ಎರಡು ಇವು: ಶೇ. 75 ಹಾಜರಿ ಇರಬೇಕು, ಮದುವೆ ಆಗಿರಬಾರದು. ದುಡ್ಡು ಹೋಗುತ್ತಿದ್ದದ್ದು ಹುಡುಗಿಯ ಸ್ವಂತ ಖಾತೆಗೆ. ಮದುವೆ ಮುಂದೂಡಲು ಮನೆಯವರಿಗೂ ಒಂದು ನೆಪ ಸಿಕ್ಕಿತು.

ದೊಡ್ಡ ಹೆಂಗಸರ ತರಗತಿಗೂ ಇದೇ ಮಾತು. ಬೆಳಿಗ್ಗೆ ಒಂಬತ್ತಕ್ಕೆ ಅಂತ ಇಟ್ಟರೆ ಮನೆಗೆಲಸಕ್ಕೆ ಹೋಗುವವರು ಯಾರೂ ಬರಲಾರರು. ಮಗುವನ್ನು ಬಿಡಲು ಜಾಗ ಇಲ್ಲದಿದ್ದರೆ ಎರಡನೇ ವಾರಕ್ಕೇ ಅರ್ಧ ಬೆಂಚು ಖಾಲಿ. ಆಮೇಲೆ 'ಅವರಿಗೆ ಆಸಕ್ತಿಯೇ ಇಲ್ಲ' ಅಂತ ವರದಿ ಬರೆಯುತ್ತೇವೆ! ಸಮಯ ಮತ್ತು ಮಗುವಿನ ವ್ಯವಸ್ಥೆ ಕೇಳಿಕೊಂಡ ಮೇಲೆಯೇ ಪಠ್ಯಕ್ರಮಕ್ಕೆ ಕೈಹಾಕಬೇಕು.

ಇಂಥ ಕೆಲಸಕ್ಕೆ ಹಣ ಕೊಡುವವರು ನೀವಾಗಿದ್ದರೆ, ಎಷ್ಟು ಜನಕ್ಕೆ ಸರ್ಟಿಫಿಕೇಟ್ ಕೊಟ್ಟಿರಿ ಅನ್ನುವ ಪ್ರಶ್ನೆ ಬಿಡಿ. ಎಷ್ಟು ಜನ ಕೆಲಸಕ್ಕೆ ಸೇರಿದರು ಅನ್ನುವುದೂ ಸಾಲದು. ಸೇರಿದ ದಿನದ ಫೋಟೊ ತೆಗೆಯುವುದು ಸುಲಭ. ಆರು ತಿಂಗಳ ಮೇಲೆ ಆ ಹೆಂಗಸರಿಗೇ ಫೋನ್ ಮಾಡಿ ಮೂರು ವಿಷಯ ಕೇಳಲು ಹೇಳಿ: ಕೆಲಸ ಇನ್ನೂ ಇದೆಯಾ, ಕೈಗೆ ಎಷ್ಟು ಬರುತ್ತಿದೆ, ಆ ದುಡ್ಡಿನ ಬಗ್ಗೆ ತೀರ್ಮಾನ ಮಾಡುವವರು ಯಾರು. ಆ ಫೋನಿನ ಖರ್ಚು, ಫೋನ್ ಮಾಡುವ ಸಿಬ್ಬಂದಿಯ ಸಂಬಳ ಎರಡನ್ನೂ ಬಜೆಟ್‌ನಲ್ಲಿ ಮೊದಲೇ ಸೇರಿಸಿ.