ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಮಾತಾಡೋಣ

"ಮೇಡಂ, ಎಲ್ಲಾ ಎರಡೆರಡು ಕಾಣ್ತಿದೆ" ಅಂತ ಬರುವವರಲ್ಲಿ ಎಷ್ಟೋ ಜನರ ಕೈಯಲ್ಲಿ ಆಗಲೇ ಒಂದು ಹೊಸ ಕನ್ನಡಕ ಇರುತ್ತದೆ. ಅಂಗಡಿಯವರು ನಂಬರ್ ಬದಲಾಯಿಸಿ ಕೊಟ್ಟಿರುತ್ತಾರೆ. ಸರಿಹೋಗಿಲ್ಲ ಅಂತ ಮತ್ತೊಂದು ಸಲ ಬದಲಾಯಿಸಿರುತ್ತಾರೆ. ಅಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ. ಎರಡು ಕಾಣುವುದಕ್ಕೆ ಇರುವ ಕಾರಣಗಳಲ್ಲಿ ಕೆಲವಕ್ಕೆ ಎರಡು ವಾರ ಏನೇನೂ ಅಲ್ಲ. ಇನ್ನು ಕೆಲವಕ್ಕೆ ಒಂದು ದಿನ ಕಾಯುವುದೂ ಅಪಾಯ. ಯಾವ ದಾರಿ ಹಿಡಿಯಬೇಕು ಅಂತ ತಿಳಿಯಲು ಮೊದಲ ಪರೀಕ್ಷೆಗೆ ಯಂತ್ರ ಬೇಡ, ನಿಮ್ಮ ಅಂಗೈ ಸಾಕು.

ಎರಡು ಕಾಣುತ್ತಿರುವಾಗಲೇ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಒತ್ತಬೇಡಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ತೆರೆದಿರುವ ಒಂದೇ ಕಣ್ಣಿಗೂ ಎರಡು ಕಂಡರೆ ದೋಷ ಆ ಕಣ್ಣಿನಲ್ಲೇ ಇದೆ. ಪೊರೆ ಬೆಳೆಯುತ್ತಿರಬಹುದು, ಸಿಲಿಂಡರ್ ನಂಬರ್ (ಕಣ್ಣಿನ ಮೇಲ್ಮೈಯ ಡೊಂಕಿಗೆ ಕೊಡುವ ನಂಬರ್) ತಪ್ಪಿರಬಹುದು, ಕಣ್ಣು ಒಣಗಿರಬಹುದು. ಸದಾ ಕಣ್ಣುಜ್ಜುವ ಕಾಲೇಜು ಹುಡುಗರಾದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳ್ಳಗಾಗಿ ಮುಂದಕ್ಕೆ ಚೂಪಾಗುತ್ತಿರಬಹುದು. ಇಂಥವರಿಗೆ ಎರಡನೆಯದು ಮಸುಕಾಗಿ, ಮೊದಲನೆಯದಕ್ಕೆ ಅಂಟಿಕೊಂಡೇ ಕಾಣುತ್ತದೆ. "ಚಂದ್ರ ಎರಡು ಮೂರು ಕಾಣ್ತಾನೆ ಕಣವ್ವಾ" ಅನ್ನುವ ಅಜ್ಜಿಯರಿಗೆ ಸಾಮಾನ್ಯವಾಗಿ ಇರುವುದು ಪೊರೆ. ಇದರಲ್ಲಿ ಗಾಬರಿಪಡುವಂಥದ್ದು ಕಡಿಮೆ. ಕನ್ನಡಕ, ಡ್ರಾಪ್ಸ್ ಅಥವಾ ಪೊರೆಯ ಆಪರೇಷನ್‌ನಿಂದ ಬಗೆಹರಿಯುತ್ತದೆ.

ಯಾವ ಕಣ್ಣು ಮುಚ್ಚಿದರೂ ಒಂದೇ ಕಾಣುತ್ತದೆ, ಎರಡೂ ತೆರೆದರೆ ಮಾತ್ರ ಎರಡು ಅಂದರೆ ಕಥೆಯೇ ಬೇರೆ. ಒಂದೊಂದೇ ಆಗಿ ನೋಡಿದರೆ ಎರಡೂ ಕಣ್ಣು ಚೆನ್ನಾಗಿವೆ. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ಹಿಂದೆ ಬಿದ್ದ ಹಾಗೆ, ಜೊತೆಯಾಗಿ ನಡೆಯುತ್ತಿಲ್ಲ ಅಷ್ಟೇ. ಇದಕ್ಕೆ ನಂಬರ್ ಎಷ್ಟು ಬದಲಾಯಿಸಿದರೂ ದುಡ್ಡು ದಂಡ.

ಒಂದೊಂದು ಕಣ್ಣನ್ನೂ ಆರು ಸ್ನಾಯುಗಳು ತಿರುಗಿಸುತ್ತವೆ. ಆ ಆರಕ್ಕೂ ಮೆದುಳಿನಿಂದ ಮೂರು ನರಗಳು ಬರುತ್ತವೆ. ನಾವು ಅವನ್ನು ಮೂರನೇ, ನಾಲ್ಕನೇ, ಆರನೇ ನರ ಅಂತ ನಂಬರಿನಿಂದಲೇ ಕರೆಯುತ್ತೇವೆ. ತೊಂದರೆ ನರದಲ್ಲಿರಬಹುದು, ಸ್ನಾಯುವಿನಲ್ಲಿರಬಹುದು, ಎರಡೂ ಸೇರುವ ಜಾಗದಲ್ಲಿರಬಹುದು, ಮೆದುಳಿನಲ್ಲೇ ಇರಬಹುದು. ಎಲ್ಲಿ ಅಂತ ಸ್ಕ್ಯಾನ್‌ಗಿಂತ ಮೊದಲು ರೋಗಿಯ ಮಾತೇ ಹೇಳುತ್ತದೆ.

ಐವತ್ತು ದಾಟಿದ ಬಸ್ ಡ್ರೈವರ್ ಒಬ್ಬರನ್ನು ತೆಗೆದುಕೊಳ್ಳಿ. ಹತ್ತು ವರ್ಷದಿಂದ ಶುಗರ್ ಇದೆ, ಮಾತ್ರೆ ಆಗಾಗ ತಪ್ಪುತ್ತದೆ. ಒಂದು ಬೆಳಿಗ್ಗೆ ರಸ್ತೆ ಮಧ್ಯದ ಬಿಳಿ ಗೆರೆ ಎರಡಾಗಿ ಕಂಡಿದೆ. ಪಕ್ಕಪಕ್ಕದಲ್ಲಿ ಎರಡು. ಕೈಯಲ್ಲಿರುವ ಟಿಕೆಟ್ ಒಂದೇ ಕಾಣುತ್ತದೆ, ಎದುರಿನ ಬೋರ್ಡ್ ಎರಡು. ಬಲಕ್ಕೆ ನೋಡಿದರೆ ಎರಡರ ಮಧ್ಯದ ಅಂತರ ಹೆಚ್ಚುತ್ತದೆ. ಕುರ್ಚಿಯಲ್ಲಿ ಕೂತಿರುವಾಗಲೇ ಗೊತ್ತಾಗುತ್ತದೆ, ಅವರು ಮುಖವನ್ನು ಬಲಕ್ಕೆ ತಿರುಗಿಸಿ ನನ್ನನ್ನು ನೋಡುತ್ತಿದ್ದಾರೆ. ಇದು ಬಲಗಣ್ಣಿನ ಆರನೇ ನರ. ಕಣ್ಣನ್ನು ಹೊರಗಡೆಗೆ ಎಳೆಯುವ ಸ್ನಾಯು ಕೆಲಸ ನಿಲ್ಲಿಸಿದೆ. ಶುಗರ್, ಬಿಪಿ ಇರುವವರಲ್ಲಿ ನರಕ್ಕೆ ರಕ್ತ ಕೊಡುವ ಸಣ್ಣ ನಾಳ ಕಟ್ಟಿಕೊಂಡು ಹೀಗಾಗುವುದು ಬಹಳ ಸಾಮಾನ್ಯ.

ಸಮಾಧಾನದ ವಿಷಯ ಏನೆಂದರೆ, ಈ ಬಗೆಯದು ಹೆಚ್ಚಿನವರಲ್ಲಿ ಸುಮಾರು ಮೂರು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಅಷ್ಟರಲ್ಲಿ ವಾಸಿಯಾಗದಿದ್ದರೆ, ಹೆಚ್ಚುತ್ತಾ ಹೋದರೆ, ಇನ್ನೊಂದು ನರವೂ ಸೇರಿಕೊಂಡರೆ ಎಂಆರ್‌ಐ ಆಗಲೇಬೇಕು. ಚಿಕ್ಕ ವಯಸ್ಸಿನವರಾದರೆ, ಶುಗರ್ ಬಿಪಿ ಏನೂ ಇಲ್ಲದವರಾದರೆ ನಾನು ಮೊದಲೇ ಮಾಡಿಸುತ್ತೇನೆ. ಈ ಮೂರು ತಿಂಗಳಲ್ಲಿ ಎಷ್ಟೋ ಜನ 'ನರದ ಇಂಜೆಕ್ಷನ್' ಅಂತ ವಿಟಮಿನ್ ಚುಚ್ಚಿಸಿಕೊಳ್ಳುತ್ತಾರೆ. ನರ ತಾನೇ ಚೇತರಿಸಿಕೊಳ್ಳುತ್ತದೆ, ಹೆಸರು ಇಂಜೆಕ್ಷನ್‌ಗೆ ಹೋಗುತ್ತದೆ. ಆ ದುಡ್ಡಿನಲ್ಲಿ ಶುಗರ್ ಮಾತ್ರೆ ತಪ್ಪದೆ ತಗೊಂಡಿದ್ದರೆ ಒಳ್ಳೆಯದಿತ್ತು, ಅಲ್ವಾ?

ನಾಲ್ಕನೇ ನರಕ್ಕೆ ಪೆಟ್ಟಾದರೆ ಒಂದರ ಮೇಲೊಂದು ಕಾಣುತ್ತದೆ. ಮೆಟ್ಟಿಲು ಇಳಿಯುವಾಗ, ಓದುವಾಗ ಜಾಸ್ತಿ. ಬೈಕಿನಿಂದ ಬಿದ್ದು ತಲೆಗೆ ಏಟು ತಿಂದವರಲ್ಲಿ ಇದನ್ನು ನೋಡುತ್ತೇವೆ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಮೂರನೇ ನರ. ಇದು ಬಿದ್ದುಹೋದರೆ ರೆಪ್ಪೆ ಪೂರ್ತಿ ಜೋತು ಬೀಳುತ್ತದೆ. ಕಣ್ಣೇ ಮುಚ್ಚಿಹೋಗುವುದರಿಂದ ಎರಡು ಕಾಣುವುದು ರೋಗಿಗೆ ಗೊತ್ತೇ ಆಗುವುದಿಲ್ಲ. ಬೆರಳಿನಿಂದ ರೆಪ್ಪೆ ಎತ್ತಿದಾಗ "ಅಯ್ಯೋ, ಎರಡು ಕಾಣ್ತಿದೆ" ಅನ್ನುತ್ತಾರೆ. ಆ ಹೊತ್ತಿಗೆ ನಾವು ನೋಡುವುದು ಪಾಪೆಯನ್ನು, ಅಂದರೆ ಕಣ್ಣಿನ ನಡುವಿನ ಕಪ್ಪು ಬೊಟ್ಟನ್ನು. ಪಾಪೆಯನ್ನು ಕಿರಿದು ಮಾಡುವ ಎಳೆಗಳು ಈ ನರದ ಹೊರ ಪದರದಲ್ಲಿ ಸಾಗುತ್ತವೆ. ಶುಗರ್‌ನಿಂದ ನರದ ಒಳಭಾಗ ಸೊರಗುತ್ತದೆ, ಹಾಗಾಗಿ ಪಾಪೆ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಹೊರಗಿನಿಂದ ಏನಾದರೂ ಒತ್ತುತ್ತಿದ್ದರೆ ಪಾಪೆ ಹಿಗ್ಗುತ್ತದೆ. ಮೆದುಳಿನ ರಕ್ತನಾಳವೊಂದು ಬಲೂನಿನ ಹಾಗೆ ಉಬ್ಬಿ ಒತ್ತುತ್ತಿರಬಹುದು. ಅದು ಯಾವಾಗ ಒಡೆಯುತ್ತದೋ ಹೇಳಲು ಬರುವುದಿಲ್ಲ. ರೆಪ್ಪೆ ಬಿದ್ದಿದೆ, ತಲೆನೋವಿದೆ, ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಿದೆ ಅಂದರೆ ಕಣ್ಣಿನ ಕ್ಲಿನಿಕ್ಕಿಗೆ ಅಪಾಯಿಂಟ್‌ಮೆಂಟ್ ಕೇಳುತ್ತಾ ಕೂರಬೇಡಿ. ರಕ್ತನಾಳದ ಸ್ಕ್ಯಾನ್ ಮಾಡುವ ದೊಡ್ಡ ಆಸ್ಪತ್ರೆಗೆ ಅವತ್ತೇ ಹೋಗಿ. ಎರಡು ಕಾಣುವುದರ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ, ನಡಿಗೆ ತೂರಾಡಿದರೆ ಅದು ಸ್ಟ್ರೋಕ್ ಇರಬಹುದು. ಅಲ್ಲೂ ಇದೇ ಮಾತು.

ದಿನದ ಯಾವ ಹೊತ್ತಿನಲ್ಲಿ ಜಾಸ್ತಿ ಅನ್ನುವುದನ್ನೂ ನಾನು ತಪ್ಪದೆ ಕೇಳುತ್ತೇನೆ. ಬೆಳಿಗ್ಗೆ ಚೆನ್ನಾಗಿದ್ದು, ಸಂಜೆ ಸೀರಿಯಲ್ ಹೊತ್ತಿಗೆ ರೆಪ್ಪೆ ಬಾಡಿ ಎರಡು ಕಂಡರೆ ಮಯಸ್ತೇನಿಯಾ ಅನುಮಾನ ಬರುತ್ತದೆ. ನರ ಸ್ನಾಯುವಿಗೆ ಕೊಡುವ ಸಂದೇಶ ಸರಿಯಾಗಿ ತಲುಪದ ಕಾಯಿಲೆ ಅದು. ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪರೀಕ್ಷೆ ಇದೆ. ಗ್ಲೌಸ್‌ನಲ್ಲಿ ಐಸ್ ತುಂಬಿ, ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಡುತ್ತೇವೆ. ತೆಗೆದಾಗ ಬಿದ್ದ ರೆಪ್ಪೆ 2 ಮಿಲಿಮೀಟರಿನಷ್ಟಾದರೂ ಮೇಲೆದ್ದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಜೊತೆಗೆ ಬಂದ ಮಗನೋ ಸೊಸೆಯೋ ಅದನ್ನು ನೋಡಿ ಬೆರಗಾಗುತ್ತಾರೆ. ಆಮೇಲೆ ರಕ್ತ ಪರೀಕ್ಷೆ, ಎದೆಯ ಸಿಟಿ ಸ್ಕ್ಯಾನ್, ನರರೋಗ ತಜ್ಞರ ಮಾತ್ರೆ. ಇಂಥವರಿಗೆ ನುಂಗಲು, ಉಸಿರಾಡಲು ಕಷ್ಟ ಶುರುವಾದರೆ ಸೀದಾ ಎಮರ್ಜೆನ್ಸಿಗೆ.

ಥೈರಾಯ್ಡ್‌ನದು ಉಲ್ಟಾ. ಸ್ನಾಯುಗಳೇ ಊದಿ ಬಿಗಿಯಾಗುತ್ತವೆ, ಬೆಳಿಗ್ಗೆ ಎದ್ದಾಗ ಜಾಸ್ತಿ. ಕಣ್ಣು ಉಬ್ಬಿ ಮುಂದೆ ಬಂದಿರುತ್ತವೆ. ಬೀಡಿ ಸಿಗರೇಟು ಸೇದುವವರಲ್ಲಿ ಇದು ವಿಪರೀತಕ್ಕೆ ಹೋಗುತ್ತದೆ. ಬಿಡಿ ಅಂತ ಗದರಿಸಿಯೇ ಹೇಳುತ್ತೇನೆ.

ಹಳ್ಳಿಗಳಲ್ಲಿ ಮರೆಯಬಾರದ ಒಂದು ವಿಷಯ ಹಾವು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ನೋವು, ಊತ ಇಲ್ಲದೆಯೂ ಇರಬಹುದು. ಗಾಯವೂ ಕಣ್ಣಿಗೆ ಬೀಳದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ಎರಡೂ ರೆಪ್ಪೆ ಬೀಳುವುದು, ಎರಡು ಕಾಣುವುದು ಶುರುವಾಗುತ್ತದೆ. ನಿದ್ದೆಗಣ್ಣು ಅಂತ ಮತ್ತೆ ಮಲಗಿಸಬೇಡಿ. ಹಾವಿನ ವಿಷಕ್ಕೆ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಓಡಿ.

ಇನ್ನು ಚಿಕಿತ್ಸೆ. ಕಾರಣಕ್ಕೆ ಔಷಧಿ ನಡೆಯುವಾಗ ಎರಡು ಕಾಣುವ ಹಿಂಸೆಗೂ ಏನಾದರೂ ಬೇಕಲ್ಲ? ಕನ್ನಡಕದ ಒಂದು ಗಾಜಿಗೆ ಬಿಳಿ ಮೈಕ್ರೋಪೋರ್ ಟೇಪ್ ಅಂಟಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ದೊಡ್ಡವರಿಗೆ ಇದರಿಂದ ಕಣ್ಣು ಹಾಳಾಗುವುದಿಲ್ಲ. ಮಕ್ಕಳಿಗೆ ಮಾತ್ರ ನಮ್ಮನ್ನು ಕೇಳದೆ ಮಾಡಬೇಡಿ. ಮಕ್ಕಳ ವಿಷಯದಲ್ಲಿ ಇನ್ನೊಂದು ಇದೆ. ಅವರ ಮೆದುಳು ಒಂದು ಚಿತ್ರವನ್ನು ಬೇಗ ಅಳಿಸಿಬಿಡುತ್ತದೆ, ಹಾಗಾಗಿ ಎರಡು ಕಾಣುತ್ತದೆ ಅಂತ ಅವರು ಹೇಳುವುದು ಕಡಿಮೆ. ಹೊಸದಾಗಿ ಮೆಳ್ಳೆಗಣ್ಣು ಬಂದರೆ ಅದೃಷ್ಟ ಅಂತ ಸುಮ್ನೆ ಕೂರಬೇಡಿ. ತಲೆನೋವು, ವಾಂತಿಯೂ ಇದ್ದರೆ ತಡಮಾಡಲೇಬೇಡಿ.

ಟೇಪ್‌ಗಿಂತ ಮೇಲು ಪ್ರಿಸಂ, ಅಂದರೆ ಬೆಳಕನ್ನು ಬಾಗಿಸುವ ಗಾಜು. ಒಂದು ಪ್ರಿಸಂ ಅಳತೆಯ ಗಾಜು 1 ಮೀಟರ್ ದೂರದಲ್ಲಿ ಚಿತ್ರವನ್ನು 1 ಸೆಂಟಿಮೀಟರ್ ಸರಿಸುತ್ತದೆ. ಸರಿಯಾದ ಅಳತೆ ಸಿಕ್ಕರೆ ಎರಡು ಚಿತ್ರ ಸರಿದು ಒಂದಾಗುತ್ತವೆ. ಅಳತೆ ಬದಲಾಗುತ್ತಿರುವಾಗ ಗಾಜಿಗೆ ಅಂಟಿಸುವ ತೆಳು ಫ್ರೆನೆಲ್ ಹಾಳೆ (ಪ್ರಿಸಂ ಕೆಲಸವನ್ನೇ ಮಾಡುವ ಪ್ಲಾಸ್ಟಿಕ್ ಹಾಳೆ) ಸಾಕು. ಆಮೇಲೆ ಬೇರೆಯದು ಅಂಟಿಸಬಹುದು. ಕೆಲವರಿಗೆ ಬಿಗಿಯಾದ ಸ್ನಾಯುವಿಗೆ ಬೊಟಾಕ್ಸ್ ಕೊಡುತ್ತೇವೆ. ಸುಕ್ಕು ಅಳಿಸುವ ಮದ್ದು ಅಂತ ಹೆಸರಾಗುವ ಮೊದಲೇ ಅದು ಮೆಳ್ಳೆಗಣ್ಣಿಗೆ ಬಳಕೆಗೆ ಬಂದಿತ್ತು.

ಎರಡು ಕಾಣುತ್ತಿರುವಷ್ಟು ದಿನ ಗಾಡಿ ಓಡಿಸುವ ಹಾಗಿಲ್ಲ. ಒಂದು ಕಣ್ಣು ಮುಚ್ಚಿಕೊಂಡು ಓಡಿಸ್ತೀನಿ ಅನ್ನುವವರಿಗೂ ಇದೇ ಉತ್ತರ. ಕಣ್ಣು ಮುಚ್ಚಿದ ಮೊದಮೊದಲು ದೂರದ ಅಂದಾಜೇ ಸಿಗುವುದಿಲ್ಲ.

ಆಪರೇಷನ್ ಕೊನೆಯ ಮೆಟ್ಟಿಲು. ಪ್ರಿಸಂ ಅಳತೆ ಕನಿಷ್ಠ ಆರು ತಿಂಗಳು ಬದಲಾಗದೆ ನಿಂತಿರಬೇಕು. ಸ್ನಾಯುವನ್ನು ಬಿಚ್ಚಿ ಹಿಂದಕ್ಕೋ ಮುಂದಕ್ಕೋ ಹೊಲಿಯುತ್ತೇವೆ. ಎದುರಿಗೆ ನೋಡುವಾಗ, ಓದುವಾಗ ಒಂದೇ ಕಾಣಬೇಕು, ನಮ್ಮ ಗುರಿ ಅಷ್ಟು. ತೀರಾ ಅಂಚಿಗೆ ಕಣ್ಣು ಹೊರಳಿಸಿದರೆ ಎರಡು ಉಳಿದಿರಬಹುದು ಅಂತ ಮೊದಲೇ ಹೇಳಿಯೇ ಸಹಿ ತೆಗೆದುಕೊಳ್ಳುತ್ತೇನೆ. ಆ ಕಡೆ ನೋಡಬೇಕಾದಾಗ ತಲೆಯನ್ನೇ ತಿರುಗಿಸಿದರಾಯಿತು.