ಮುಳ್ಳು ಏಳದ ಮೀಟರ್

"ದೋಣಿ ಹೋಗುತ್ತಲೇ ಇದೆ, ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳುವುದಿಲ್ಲ ಮಾರಾಯರೇ. ವೇಗದ ಮೀಟರ್ ಹಾಳಾಗಿದೆ, ಬದಲಿಸಿ ಕೊಡಿ." ದೇವಬಾಗದ ಕಡೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಯವರೊಬ್ಬರು ಹೀಗೆಂದರು. ಕಾರವಾರದಲ್ಲಿ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಎಂಜಿನ್) ರಿಪೇರಿ ಮಾಡುವ ನನಗೆ ಈ ದೂರು ಹೊಸದಲ್ಲ. ಮೀಟರ್ ಹಾಳಾಗಿರಲಿಲ್ಲ.

ದೋಣಿಯ ಹಿಂಬದಿಯಲ್ಲಿ ನೀರೊಳಗೆ ಮುಂದಕ್ಕೆ ಬಾಯಿ ತೆರೆದ ಸಣ್ಣ ನಳಿಕೆ ಇರುತ್ತದೆ. ನುಗ್ಗುವ ನೀರಿನ ಒತ್ತಡವೇ ಮುಳ್ಳನ್ನು ತಿರುಗಿಸುವುದು. ಈ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಅದು ಸುಮಾರು 10 ಮೀಟರ್ ಎತ್ತರದ ನೀರಿನ ಭಾರದಷ್ಟು, 5 ಕಿ.ಮೀ. ವೇಗದಲ್ಲಿ ಬರೀ 10 ಸೆಂಟಿಮೀಟರ್‌ನಷ್ಟು. ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದಂತೆ. ಜೊತೆಗೆ ಕಾಳಿ ನದಿಯ ಅಳಿವೆಯ ಮರಳು, ಪಾಚಿ. ಮಳೆಗಾಲದಲ್ಲಿ ದಡಕ್ಕೆಳೆದಿಟ್ಟ ದೋಣಿಯ ನಳಿಕೆಗೆ ಕಣಜದ ಹುಳು ಮಣ್ಣು ತುಂಬಿದ್ದನ್ನೂ ಕೆರೆದು ತೆಗೆದಿದ್ದೇನೆ.

ಡಾಲ್ಫಿನ್ ತೋರಿಸಲು ಕುರುಮಗಡ ದ್ವೀಪದ ಸುತ್ತ ಮೆಲ್ಲಗೆ ಸಾಗುವವರಿಗೆ ಜಿಪಿಎಸ್ ಮೀಟರೇ ಸರಿ. ಅದು ಎರಡು ಜಾಗಗಳ ನಡುವಿನ ದೂರ ಅಳೆದು ಲೆಕ್ಕ ಹಾಕುತ್ತದೆ ಎಂದು ಹಲವರ ನಂಬಿಕೆ. ಸಾಮಾನ್ಯವಾಗಿ ಹಾಗಲ್ಲ. ಶಿರವಾಡದಲ್ಲಿ ನಿಲ್ಲದೆ ಹೋಗುವ ರೈಲಿನ ಸೀಟಿ ನಮ್ಮನ್ನು ದಾಟಿದೊಡನೆ ದನಿ ಇಳಿಸುತ್ತದಲ್ಲ, ಉಪಗ್ರಹದ ಸಂಕೇತದಲ್ಲಿ ಅಂಥದೇ ಬದಲಾವಣೆ ಹಿಡಿದು ಅದು ವೇಗ ಹೇಳುತ್ತದೆ. ಆಕಾಶ ತೆರೆದಿದ್ದರೆ ತಪ್ಪು ಹೆಚ್ಚಾಗಿ ಗಂಟೆಗೆ ಅರ್ಧ ಕಿಲೋಮೀಟರ್ ಒಳಗೇ.

ಆದರೆ ಅದು ಹೇಳುವುದು ನೆಲದ ಮೇಲಿನ ವೇಗ, ನೀರಿನ ಮೇಲಿನದಲ್ಲ. ಗೊಂದಲವಾಗುವುದು ಇಲ್ಲಿಯೇ. ಇಳಿತದ ಹೊತ್ತು ಕೋಡಿಬಾಗದೆದುರು ಲಂಗರು ಹಾಕಿ ನಿಂತರೆ, ನೀರು ಎಷ್ಟೇ ಹರಿಯಲಿ, ಜಿಪಿಎಸ್ ಸೊನ್ನೆ ತೋರಿಸುತ್ತದೆ. ಎಂಜಿನ್‌ನ ನಿಜವಾದ ಕೆಲಸ ತಿಳಿಯಬೇಕಾದರೆ ಆಕ್ಸಿಲರೇಟರ್ ಅಲುಗಿಸದೆ ಒಮ್ಮೆ ಪ್ರವಾಹಕ್ಕೆ ಎದುರಾಗಿ, ಕೂಡಲೇ ಒಮ್ಮೆ ಅದರ ಜೊತೆ ಸಾಗಿ. ಎದುರಿಗೆ 4, ಜೊತೆಗೆ 8 ಬಂದರೆ ದೋಣಿಯ ವೇಗ 6, ನೀರಿನದು 2. ಗಾಳಿ ಜೋರಿದ್ದ ದಿನ ಈ ಲೆಕ್ಕ ಕೆಡುತ್ತದೆ. ಬೆಳಗಿನ ಹೊತ್ತೇ ಒಳ್ಳೆಯದು.

ಜೆಟ್ಟಿಗೆ ಹತ್ತಿಸುವಾಗ ಮಾತ್ರ ಅಂಕಿಯನ್ನು ನಂಬಿ ಕೂರಬೇಡಿ. ಅಗ್ಗದ ಮೀಟರ್‌ಗಳು ಅಂಕಿ ಕುಣಿಯದಿರಲೆಂದು ಸರಾಸರಿ ತೋರಿಸುತ್ತವೆ, ಹಾಗಾಗಿ ಒಂದೆರಡು ಸೆಕೆಂಡ್ ಹಿಂದೆ ಬೀಳುತ್ತವೆ. ಆಂಟೆನಾವನ್ನು ತಗಡಿನ ಮಾಡಿನಡಿ ಕೂರಿಸಬಾರದು; ಫೈಬರ್ ಮಾಡಾದರೆ ಅಡ್ಡಿಯಿಲ್ಲ.

ದೋಣಿಯವರಿಗೆ ಹಳೆಯ ಮೀಟರ್ ತೆಗೆಯುವುದು ಬೇಡ ಎಂದೆ. ನಳಿಕೆಗೆ ತಂತಿ ಹಾಕಿ ಶುಚಿ ಮಾಡಿ, ಪಕ್ಕದಲ್ಲಿ ಜಿಪಿಎಸ್ ಕೂರಿಸಿದೆವು. ಗಂಟೆಗೆ 30 ಕಿ.ಮೀ. ದಾಟಿದರೆ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ಹೇಳುತ್ತಿವೆ.